ಬೆಸೆದ ಕೈ

"ಅರವತ್ತನ್ನ ಅಳಿಸಿದ್ದು ನೀನೇ ತಾನೆ?"

ಆಫೀಸಿನವರೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಹಿರಿಯೆ ಸಾಲ್ಟನಾತ್ ಬೆಕ್ತೂರನನ್ನು ಕೇಳಿದರು. ಪಕ್ಕದಲ್ಲಿ ಸ್ಕೀ ರೆಸಾರ್ಟಿನ ಮಾಲೀಕ ಕುಬಾತ್ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದ. ಕಣಿವೆ ರಸ್ತೆಯಲ್ಲಿ ಹಿಮಕುಸಿತದ ಎಚ್ಚರಿಕೆ ಕೊಡುವ ಸೈರನ್ ನಡೆಸುವ ಕೋಡ್ ಬರೆಯುವುದು ಬಿಷ್ಕೆಕ್‌ನ ಈ ಆಫೀಸು. ರಾತ್ರಿ ನಲವತ್ತು ಸೆಂಟಿಮೀಟರ್ ಹಿಮ ಬಿದ್ದರೆ ಸೈರನ್ ಕೂಗಿ ರಸ್ತೆ ಮುಚ್ಚಬೇಕು ಎಂಬುದು ಹಳೆಯ ಲೆಕ್ಕ. ಅತಿಥಿಗಳು ತಪ್ಪಿಹೋಗುತ್ತಾರೆಂದು ಹಟ ಹಿಡಿದು ಅದನ್ನು ಅರವತ್ತಕ್ಕೆ ಏರಿಸುವಂತೆ ಮಾಡಿದವನು ಕುಬಾತ್. ಆದರೂ ಇವತ್ತು ಬೆಳಿಗ್ಗೆ ನಲವತ್ತೈದಕ್ಕೇ ಸೈರನ್ ಕೂಗಿತ್ತು. ಹಿಮ ಜಾರಲಿಲ್ಲ, ರೆಸಾರ್ಟಿಗೆ ಒಬ್ಬ ಅತಿಥಿಯೂ ಬರಲಿಲ್ಲ. ಸಂಜೆಯೊಳಗೆ ಯಾರದಾದರೂ ಕೆಲಸ ಹೋಗಲೇಬೇಕೆಂದು ಅವನು ಪಟ್ಟು ಹಿಡಿದಿದ್ದ.

ಅರವತ್ತು ಬೇಡವೆಂದು ಜಗಳವಾಡಿದವನು ಬೆಕ್ತೂರ್ ಒಬ್ಬನೇ. ಅನುಮಾನಕ್ಕೆ ಅಷ್ಟು ಸಾಕು.

ಎಜೆ ಕೋಡಿನ ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಡುವ ಗಿಟ್ ತೆರೆದು, ಬದಲಾವಣೆಗಳನ್ನೆಲ್ಲ ಗೋಡೆಯ ಪರದೆಗೆ ಹಾಕಿದರು. ಜಿಪಾರ್ ಎಂಬ ಹುಡುಗಿ ತನ್ನ ಕವಲಿನಲ್ಲಿ, ಅಂದರೆ ಕೋಡಿನ ತನ್ನ ಪ್ರತಿಯಲ್ಲಿ, ಅರವತ್ತು ಬರೆದಿದ್ದಳು. ಬೆಕ್ತೂರ್ ತನ್ನ ಕವಲಿನಲ್ಲಿ ಆ ಸಾಲನ್ನು ಮುಟ್ಟಿರಲೇ ಇಲ್ಲ; ಅಲ್ಲಿ ಹಳೆಯ ನಲವತ್ತೇ ಇತ್ತು. ಆಮೇಲೆ ಎರಡೂ ಕವಲುಗಳನ್ನು ಸೇರಿಸಿ ಒಂದೇ ಕೋಡ್ ಮಾಡುವ ಬೆಸುಗೆ. ಅರವತ್ತು ಬಂದದ್ದು ಕಂಡಿತು, ಹೋದದ್ದು ಎಲ್ಲೂ ಕಾಣಲಿಲ್ಲ.

ಈ ಆಫೀಸಿನಲ್ಲಿ ಬೆಸೆಯುವುದು ಹಿರಿಯರ ಕೆಲಸ, ಔತಣದಲ್ಲಿ ಕುರಿಮಾಂಸ ಹಂಚಿದ ಹಾಗೆ. ಹಿರಿಯರು ಕೊಟ್ಟ ತುಂಡನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

"ಆ ಬೆಸುಗೇನೂ ತೋರ್ಸಿ ಎಜೆ," ಎಂದ ಕುಬಾತ್.

ತೋರಿಸಿದರು. ಪರದೆ ಖಾಲಿ.

"ನೀನೇ ನೋಡಿದ್ಯಲ್ಲ. ಯಾರ್ ತಲೆ ತೆಗೀಲಿ?" ಎಂದರು ಎಜೆ. "ಜಿಪಾರ್ ಮತ್ತೆ ಅರವತ್ತು ಬರೀತಾಳೆ. ಬೆಸೆಯೋದು ಯಾವತ್ತಿನ ಹಾಗೆ ನಾನೇ."

ಕುಬಾತ್ ಗೊಣಗುತ್ತ ಹೋದ. ಬದುಕಿದೆಯಾ ಬಡಜೀವವೇ ಎಂದುಕೊಂಡ ಬೆಕ್ತೂರ್. ಆದರೂ ಮನಸ್ಸು ನಿಲ್ಲಲಿಲ್ಲ. ಬೆಸುಗೆಯನ್ನು ಹಾಗೇ ತೆರೆದರೆ ಕಾಣುವುದು ಎರಡು ಕವಲುಗಳಲ್ಲೂ ಇಲ್ಲದ ಸಾಲು ಮಾತ್ರ. ಮಗುವಿನ ಮೂಗು ಅಪ್ಪನದೋ ಅಮ್ಮನದೋ ಆಗಿದ್ದರೆ ನೆಂಟರು ಸುಮ್ಮನಿರುತ್ತಾರಲ್ಲ, ಹಾಗೆ. ಅವನು ಬೆಸುಗೆಯನ್ನು ಜಿಪಾರ್‌ಳ ಕವಲಿನ ಎದುರಿಗಷ್ಟೇ ಇಟ್ಟು ತೆರೆದ.

ಬೆಸೆಯುವಾಗಲೇ ಅರವತ್ತು ಹೋಗಿ ನಲವತ್ತು ಕೂತಿತ್ತು. ತಲೆ ಎತ್ತಿದ. ಎಜೆ ಅವನಿಗೆ ಟೀ ಬಗ್ಗಿಸುತ್ತಿದ್ದರು.

"ಮುಚ್ಚೋ ಅದನ್ನ. ನನ್ ತಮ್ಮನ್ನ ಹಿಮದಡಿಯಿಂದ ಅಗೆದು ತೆಗೆದ ದಿನ ಬಿದ್ದಿದ್ದು ಐವತ್ತೂ ಇರಲಿಲ್ಲ."