ದಿಣ್ಣೆಯ ಕಲ್ಲು

ಮೊದಲ ಸಲಿಕೆ ಮಣ್ಣು ಶವಪೆಟ್ಟಿಗೆಯ ಮೇಲೆ ಬಿದ್ದಾಗ ಮಣ್ಣಿನ ಸದ್ದು ಬರಲಿಲ್ಲ, ಕಲ್ಲಿನ ಸದ್ದು ಬಂತು. ಅಗನೇತಾ ತಲೆಯೆತ್ತಿದಳು. ರೆಡ್ ನದಿ ಉಕ್ಕಿ ಊರಿನ ಸ್ಮಶಾನ ಮುಳುಗಿದ್ದರಿಂದ ಅವಳ ಗಂಡ ಗೆರ್ಹಾರ್ಟನನ್ನು ಈ ದಿಣ್ಣೆಗೆ ಹೊತ್ತು ತಂದಿದ್ದರು. ರೂಢಿಯಂತೆ ನೆಂಟರು, ನೆರೆಯವರೇ ಸರದಿಯ ಮೇಲೆ ಗುಂಡಿ ಮುಚ್ಚುತ್ತಿದ್ದರು, ಹೆಂಗಸರು ಹಾಡುತ್ತಿದ್ದರು. ಅವಳ ಬಾಯಿಯೂ ತನ್ನ ಪಾಡಿಗೆ ಹಾಡುತ್ತಿತ್ತು.

ಕಾಲ ಬಳಿ ಉರುಳಿ ಬಂದ ಕಲ್ಲೊಂದನ್ನು ಎತ್ತಿಕೊಂಡಳು. ಮೊಟ್ಟೆಯ ಹಾಗೆ ನುಣ್ಣಗಿತ್ತು. ಅವರ ಹೊಲದ ಕಪ್ಪು ಜೇಡಿಯಲ್ಲಿ ಹುಡುಕಿದರೂ ಒಂದು ಹರಳು ಸಿಗುತ್ತಿರಲಿಲ್ಲ. “ಇದೇನು ಐಸಾಕ್, ಹೊಳೆಗಲ್ಲು?”

ಮೈದುನ ಸಲಿಕೆ ಊರಿ ನಿಂತ. “ಹೊಳೇದಲ್ಲ ಅತ್ತಿಗೆ, ಕೆರೇದು. ಸಾವಿರಾರು ವರ್ಷದ ಹಿಂದೆ ಹಿಮಗಡ್ಡೆ ಕರಗಿದಾಗ ಇಲ್ಲಿ ಸಮುದ್ರದಂಥ ಕೆರೆ ಇತ್ತಂತೆ. ಈ ದಿಣ್ಣೆ ಅದರ ದಡ. ನೀರು ಹರಿದು ಹೋದ್ಮೇಲೆ ಅದರ ತಳಾನೇ ನಮ್ಮ ಹೊಲ ಆಯ್ತು.”

ಅವಳು ತಿರುಗಿ ನೋಡಿದಳು. ದಿಣ್ಣೆಯ ಬುಡದಿಂದ ಆಕಾಶದ ಅಂಚಿನವರೆಗೂ ನೀರು. ಅಲ್ಲೇ ಎಲ್ಲೋ ಗೆರ್ಹಾರ್ಟ್ ದೋಣಿಯಿಂದ ಇಳಿದಿದ್ದ. “ನನ್ನ ಹೊಲ ನನಗೆ ಗೊತ್ತಿಲ್ವೇನೋ? ಮೊಣಕಾಲುದ್ದ ನೀರಿಗೆ ಹೆದರ್ತೀಯಲ್ಲೋ!” ಎಂದು ಜೊತೆಗಿದ್ದ ಐಸಾಕನನ್ನು ಗೇಲಿ ಮಾಡಿ, ಕಾಲಿಟ್ಟದ್ದು ಹಿಂದಿನ ವರ್ಷ ತಾನೇ ತೋಡಿದ ಆಳುದ್ದದ ಬಸಿಗಾಲುವೆಗೆ.

“ಇಲ್ಲೇ ದಿಣ್ಣೆ ಮೇಲಿನ ಚರ್ಚಿನಲ್ಲಿ ಕಾಫಿ, ಬನ್ನು ಇಟ್ಟಿದ್ದಾರೆ. ಹೋಗಿ ಕೂತ್ಕೊಳ್ಳಿ ಅತ್ತಿಗೆ,” ಎಂದ ಐಸಾಕ್.

ಅಗನೇತಾ ಕದಲಲಿಲ್ಲ. ಕಲ್ಲನ್ನು ಹೆಬ್ಬೆರಳಿನಿಂದ ಸವರುತ್ತ, ಯಾರನ್ನೂ ನೋಡದೆ ಹೇಳಿದಳು: “ಇದು ದಡ ಅಂದ್ರೆ, ಇಲ್ಲಿಗೆ ಬಂದ್ಮೇಲೆ ದೋಣಿ ಇಳೀಬೇಕಿತ್ತು ಇವ್ರು.”