ಕ್ಷೌರದಂಗಡಿಯಲ್ಲಿ ಸಮೀಕ್ಷೆ

ಮುಂದಿನ ವರ್ಷ ಕ್ಷೌರದ ದರ ಏರುತ್ತದೆಯೇ ಎಂಬುದು ದೇಶದ ಹಣೆಬರಹವನ್ನೇ ನಿರ್ಧರಿಸುವ ಪ್ರಶ್ನೆ. ಕೇಂದ್ರ ಬ್ಯಾಂಕು ಹಾಗೆಂದೇ ನಂಬಿತ್ತು. ಅದಕ್ಕೇ ಅದರ ಸಮೀಕ್ಷೆಯವಳು ಹಾಳೆ ಹಿಡಿದು ಕ್ಷೌರಿಕನ ಮುಂದೆ ನಿಂತಿದ್ದಳು. ಬೆಲೆಗಳು ಏರುವುದಿಲ್ಲವೆಂದು ಜನ ನಂಬಿದ್ದರೆ ಬ್ಯಾಂಕು ಬಡ್ಡಿ ಇಳಿಸುತ್ತದೆ. ಬಡ್ಡಿ ಇಳಿದರೆ ಅವಳ ಮನೆ ಸಾಲದ ಕಂತೂ ಇಳಿಯುತ್ತದೆ. ಬೀದಿಯುದ್ದಕ್ಕೂ ಎಲ್ಲರೂ ‘ಏರಲ್ಲ’ ಎಂದಿದ್ದರು. ಉಳಿದವನು ಇವನೊಬ್ಬ.

“ಯಾಕೆ ಏರುತ್ತೆ ಮೇಡಂ? ನಾಲ್ಕು ವರ್ಷದಿಂದ ಅದೇ ರೇಟು,” ಎಂದ ಕ್ಷೌರಿಕ, ಕುರ್ಚಿಯಲ್ಲಿದ್ದ ಮೇಷ್ಟ್ರ ಎಡಗಿವಿಯ ಹಿಂದೆ ಕತ್ತರಿ ಆಡಿಸುತ್ತ. ಅವಳು ಗುರುತು ಹಾಕುವಷ್ಟರಲ್ಲಿ ಕತ್ತರಿ ನಿಂತಿತು. “ಅಲ್ಲಾ, ಅಷ್ಟು ದೊಡ್ಡ ಬ್ಯಾಂಕಿನೋರು ನನ್ನ ಹುಡುಕ್ಕೊಂಡು ಬಂದು ಕೇಳ್ತೀರಿ ಅಂದ್ರೆ, ಏರೋ ಸುದ್ದಿ ನಿಮಗೆ ಆಗ್ಲೇ ಗೊತ್ತಾಗಿದೆ ಅಲ್ವಾ?”

“ಇಲ್ಲಪ್ಪಾ, ಸುಮ್ನೆ ಕೇಳಿದ್ದು!”

“ಸುಮ್ಸುಮ್ನೆ ಯಾರು ಕೇಳ್ತಾರೆ?” ಎನ್ನುತ್ತ ಅವನು ದರದ ಹಲಗೆಯನ್ನು ಟವೆಲಿನಿಂದ ಒರೆಸಿ, ನೂರು ಇದ್ದಲ್ಲಿ ಸೀಮೆಸುಣ್ಣದಿಂದ ನೂರಮೂವತ್ತು ಬರೆದ.

“ಅಯ್ಯೋ ಪುಣ್ಯಾತ್ಮ, ಕತ್ತರಿಸಿರೋ ಅರ್ಧ ತಲೆಗಾದ್ರೂ ಹಳೇ ರೇಟು ಹಾಕೋ!” ಮೇಷ್ಟ್ರು ಕನ್ನಡಿಯೊಳಗಿಂದಲೇ ಕೂಗಿದರು. ಗಲಾಟೆ ಕೇಳಿ ಪಕ್ಕದ ದರ್ಜಿ ಇಣುಕಿದ. ಬೆಳಿಗ್ಗೆಯಷ್ಟೇ ‘ಏರಲ್ಲ’ ಎಂದು ಆಣೆ ಮಾಡಿದ್ದವನು ಹಲಗೆ ನೋಡಿದ್ದೇ ತಡ, ಓಡಿಹೋಗಿ ತನ್ನದನ್ನೂ ಒರೆಸತೊಡಗಿದ. ಬೆಲೆ ಏರುತ್ತದೆಯೇ ಎಂದು ಕೇಳಲು ಬಂದವಳು, ತಾನೇ ಏರಿಸಿಬಿಟ್ಟೆನಲ್ಲ ಎಂದುಕೊಳ್ಳುತ್ತ ಹಾಳೆಯಲ್ಲಿದ್ದ ‘ಏರಲ್ಲ’ಗಳನ್ನು ಒಂದೊಂದಾಗಿ ಹೊಡೆದುಹಾಕತೊಡಗಿದಳು.

ಆ ತಿಂಗಳು ಬಡ್ಡಿ ಇಳಿಯಲಿಲ್ಲ.