ಮ್ಯಾನೇಜರನ ಎಡ ಭುಜ

ಅಪ್ಪನ ಟೈಲರ್ ಅಂಗಡಿಯ ನೆಲದ ಮೇಲೆ ಅವಳು ಮಂಡಿಯೂರಿ ಅಯಸ್ಕಾಂತ ಆಡಿಸುತ್ತಿದ್ದಳು. ಬಿದ್ದಿದ್ದ ಗುಂಡುಸೂಜಿಗಳು ಒಂದೊಂದಾಗಿ ಬಂದು ಅಂಟಿಕೊಳ್ಳುತ್ತಿದ್ದವು. ಎದುರಿಗೆ, ಗಿರಾಕಿಗಳ ಕುರ್ಚಿಯಲ್ಲಿ, ಎದುರು ತಂಡದ ಮ್ಯಾನೇಜರ್ ಕಾಲು ಚಾಚಿ ಕೂತಿದ್ದ. ಗೋಣಿಚೀಲದ ಮೈ, ಒಳಗೆಲ್ಲ ಚಿಂದಿ, ಬಣ್ಣ ಬಳಿದ ಬಟ್ಟೆಯುಂಡೆಯ ಮುಖ. ಮೈಮೇಲೆ ಮಾತ್ರ ಮೊಣಕಾಲುದ್ದದ ಬೂದು ಕೋಟು.

ಆ ತಂಡದ ಜೊತೆ ಫುಟ್‌ಬಾಲ್ ಪಂದ್ಯವಿದ್ದಾಗಲೆಲ್ಲ ಈ ಬೀದಿಯ ಅಭಿಮಾನಿಗಳದು ಇದೇ ಕೆಲಸ. ಅವರ ಮ್ಯಾನೇಜರನ ಬೊಂಬೆ ಮಾಡಿ ಕೂರಿಸುವುದು, ಪಂದ್ಯ ಮುಗಿದ ಮೇಲೆ ಹೇಳುವುದನ್ನೆಲ್ಲ ಅದರ ಮುಖಕ್ಕೇ ಹೇಳಿ ಬೀದಿಯ ಕೊನೆಗೆ ಒಯ್ದು ಸುಡುವುದು. "ಏನಾದ್ರೂ ಚೂರುಪಾರು ಹೊದಿಸು" ಎಂದಿದ್ದ ಅಪ್ಪ. ಮೂರು ವರ್ಷದಿಂದ ಅವಳ ಪಾಲಿಗೆ ಕಾಜಾ, ಗುಂಡಿ, ಹೆಮ್ಮಿಂಗ್ ಅಷ್ಟೇ. ಬಟ್ಟೆಗೆ ಕತ್ತರಿ ಹಾಕಲು ಅವನು ಬಿಟ್ಟವನಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ಕತ್ತರಿ ತಪ್ಪಿದ್ರೆ?" ಚೂರುಪಾರಿಗೆ ಆ ಮಾತು ತಾಗದು ಎಂದುಕೊಂಡು, ಎಂಟು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ, ಅವಳು ಈ ಕೋಟನ್ನು ತಾನೇ ಕತ್ತರಿಸಿ ಹೊಲಿದಿದ್ದಳು. ಬೆಂಕಿಗೆ ಹೋಗುವ ಮುಂಚೆ ಅಪ್ಪ ಒಮ್ಮೆ ಅದನ್ನು ನೋಡಿದರೆ ಸಾಕಿತ್ತು. ನೋಡು ಎನ್ನುವ ಬಾಯಿ ಅವಳಿಗಿರಲಿಲ್ಲ.

"ಎರಡು ಒಂದು! ಗೆದ್ವಿ!" ಬಸ್ ಡ್ರೈವರ್ ನುಗ್ಗಿದ. ಹಿಂದೆ ಪಕ್ಕದಂಗಡಿಯ ಗಡಿಯಾರ ರಿಪೇರಿಯವ, ಕೊನೆಗೆ ಕೂಗಿ ಕೂಗಿ ಗಂಟಲು ಕಟ್ಟಿದ್ದ ಅಪ್ಪ. ಅಪ್ಪ ನೇರ ನೀರಿನ ಹೂಜಿಯ ಕಡೆ ಹೋದ. ಡ್ರೈವರ್ ಬೊಂಬೆಯೆದುರು ಸೊಂಟಕ್ಕೆ ಕೈಯಿಟ್ಟು ನಿಂತ.

"ಏನಪ್ಪಾ ದೊಡ್ಡ ಮನುಷ್ಯ, ಆ ಉದ್ದನೆಯ ಆಟಗಾರನನ್ನ ಯಾಕೆ ಆಚೆ ಕರೆಸಿದೆ? ಅವನು ಹೋದ ಎರಡೇ ನಿಮಿಷಕ್ಕೆ ನಮ್ಮ ಗೋಲು. ನಿನ್ನ ಕೈ ಹಿಡಿದು ಮುತ್ತು ಕೊಡ್ಬೇಕು ನಾವು!"

"ಮೈದಾನ ಸರಿ ಇರ್ಲಿಲ್ಲ ಅಂದನಂತೆ ಆಮೇಲೆ," ಎಂದ ಗಡಿಯಾರದವ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ."

"ಕೋಟು ನೋಡು ಕೋಟು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು."

"ಕೋಟು ಹಾಕ್ಕೊಳ್ಲಿ ಬಿಡು," ಎಂದ ಗಡಿಯಾರದವ. "ನನಗೆ ತಡೆಯೋಕಾಗದ್ದು ಆ ಸೊಕ್ಕು. ತೊಂಬತ್ತು ನಿಮಿಷ ಬಲಭುಜ ಏರಿಸ್ಕೊಂಡು ನಿಲ್ತಾನಲ್ಲ, ನಾವೆಲ್ಲ ಅವನ ಮನೆ ಆಳುಗಳು ಅನ್ನೋ ಹಾಗೆ!"

"ಏಳೋ ಮೇಲೆ, ಗೆದ್ದವರು ಬಂದಿದೀವಿ!" ಡ್ರೈವರ್ ಕೋಟಿನ ಕಾಲರಿಗೆ ಕೈ ಹಾಕಿ ಬೊಂಬೆಯನ್ನು ಎತ್ತಿ ಕುಲುಕಿದ. ಅವಳ ಕೈಯ ಅಯಸ್ಕಾಂತ ನೆಲದ ಮೇಲೇ ನಿಂತಿತು. ಬೊಂಬೆಯ ಕಾಲಿನಿಂದ ಚಿಂದಿ ಉದುರಿತು. ಕೋಟಿನ ಒಂದು ಎಳೆಯೂ ಕದಲಲಿಲ್ಲ. "ಅಬ್ಬಾ, ಏನ್ ಗಟ್ಟಿ ಹೊಲಿದಿದೀರಾ ಮಾಸ್ಟರ್! ಇವನ ಡಿಫೆನ್ಸ್ ಹಿಂಗಿದ್ದಿದ್ರೆ ನಾವು ಇವತ್ತು ಅಳ್ತಾ ಬರ್ಬೇಕಿತ್ತು."

"ನಾನು ಹೊಲಿದಿಲ್ಲ." ಅಪ್ಪ ಲೋಟ ಕೆಳಗಿಟ್ಟು ಬಂದ. ಕೋಟಿನ ಅಂಚನ್ನು ಮಗುಚಿದ. ಒಳಗೆ ಹನ್ನೊಂದು ತುಂಡು, ಮೂವರು ಗಿರಾಕಿಗಳ ಉಳಿಕೆ ಬಟ್ಟೆ. ಹೊರಗಿನಿಂದ ಒಂದೇ ಬಟ್ಟೆ. ಅವನ ಬೆರಳು ಹೊಲಿಗೆ ಹಿಡಿದು ಮೇಲಕ್ಕೆ ಹೋಗಿ ಎಡಭುಜದ ಮೇಲೆ ನಿಂತಿತು.

"ಬಲಕ್ಕೆ ಒಂದು ಪದರ ಪ್ಯಾಡು, ಎಡಕ್ಕೆ ಎರಡು. ಯಾಕೆ?"

ಅವಳು ಅಯಸ್ಕಾಂತವನ್ನೇ ನೋಡುತ್ತ ಹೇಳಿದಳು: "ಅವರಿಗೆ ಎಡಭುಜ ಬಿದ್ದಿದೆಯಪ್ಪ."

"ಯಾರಿಗೆ, ಈ ಗೋಣಿಚೀಲಕ್ಕಾ?" ಡ್ರೈವರ್ ನಕ್ಕ.

"ಮ್ಯಾನೇಜರಿಗೆ. ಟಿವೀಲಿ ನೋಡ್ದೆ. ಸೆಕೆ ಅಂತ ಒಂದ್ಸಲ ಕೋಟು ತೆಗೆದ್ರು, ಆಗ ಗೊತ್ತಾಯ್ತು. ಎರಡು ಬೆರಳಷ್ಟು ಇಳಿದಿದೆ." ನಿಲ್ಲಿಸದೆ ಸೇರಿಸಿದಳು. "ಬಲಗಡೆ ಏರಿಸಿರೋದಲ್ಲ. ಎಡಗಡೆ ಇಳಿದಿರೋದು."

ಅಂಗಡಿಯಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಡಿಯಾರದವ ತನ್ನ ಬಲಭುಜ ಏರಿಸಿ ನೋಡಿದ, ಎಡಭುಜ ಇಳಿಸಿ ನೋಡಿದ. "ಅಯ್ಯೋ, ಹಾಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು ಅವನ ಮೂಳೇನಾ?"

"ಭುಜ ಬಿದ್ರೆ ಬೀಳ್ಲಿ, ಉದ್ದನೆಯವನನ್ನ ಆಚೆ ಕರೆಸಿದ್ದು ಸರಿನಾ?" ಎಂದ ಡ್ರೈವರ್.

"ಅದು ತಪ್ಪೇ," ಎಂದ ಗಡಿಯಾರದವ.

"ತಪ್ಪೇ," ಎಂದ ಅಪ್ಪನೂ.

ಆ ಒಂದು ವಿಷಯದಲ್ಲಿ ಎಲ್ಲರಿಗೂ ಸಮಾಧಾನವಾಯಿತು. "ಸರಿ, ಕಟ್ಟಿಗೆ ಜೋಡಿಸ್ತಿರ್ತೀನಿ, ಎತ್ಕೊಂಡು ಬನ್ನಿ," ಎಂದು ಡ್ರೈವರ್ ಶಿಳ್ಳೆ ಹಾಕುತ್ತ ಹೊರಟ.

ಅಪ್ಪ ಬೊಂಬೆಯನ್ನು ಎತ್ತಲಿಲ್ಲ. ಕುಲುಕಿ ಸೊಟ್ಟಗಾಗಿದ್ದ ಕೋಟನ್ನು ಗಿರಾಕಿಗೆ ಮಾಡುವಂತೆ ನೇರ ಮಾಡಿ, ಕೆಳಗಿನ ಗುಂಡಿಯಿಂದ ಹಾಕುತ್ತ ಬಂದ. ಕಂಕುಳ ಹತ್ತಿರ ಬಟ್ಟೆ ಹಿಡಿದು ಜಗ್ಗಿದ. "ಇಲ್ಲಿ ಅರ್ಧ ಇಂಚು ಬಿಡ್ಬೇಕಿತ್ತು. ಕೈ ಎತ್ತಿದ್ರೆ ಎಳೆಯುತ್ತೆ."

"ಇವತ್ತು ಅವರದ್ದು ಒಂದೇ ಗೋಲು, ಕೈ ಎತ್ತಿದ್ದೂ ಒಂದೇ ಸಲ, ಪರ್ವಾಗಿಲ್ಲ ಬಿಡಿ," ಎಂದ ಗಡಿಯಾರದವ. ಆದರೂ ಬೊಂಬೆಯ ಎಡಗೈಯನ್ನು ಮೆಲ್ಲಗೆ ಮೇಲೆತ್ತಿ, ಅಲುಗದಂತೆ ಹಿಡಿದು ನಿಂತ. ಅಪ್ಪ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಟೇಪಿನ ಇನ್ನೊಂದು ತುದಿಯನ್ನು, ತಿರುಗಿ ನೋಡದೆ, ಮಗಳ ಕಡೆ ಚಾಚಿದ. ಅವಳು ಎದ್ದು ಬಂದು ಹಿಡಿದುಕೊಂಡಳು.

"ಹೊಲಿಗೆ ಬಿಚ್ಚಲಾ ಅಪ್ಪ?"

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅಪ್ಪ ಹೂಂ ಎನ್ನುವಂತೆ ತಲೆಯಾಡಿಸಿದ.

ಡ್ರೈವರ್ ಬಾಗಿಲಲ್ಲಿ ತಲೆ ತೂರಿಸಿದ. ಮೂರೂ ತಲೆಗಳು ಕೋಟಿನ ಮೇಲೆ ಬಾಗಿದ್ದವು. ಒಮ್ಮೆ ಕೆಮ್ಮಿದ, ಸ್ವಲ್ಪ ಕಾದ, ಆಮೇಲೆ ಕೇಳಿದ:

"ಯಾರಾದ್ರೂ ಒಂದು ಬೆಂಕಿಪೊಟ್ಟಣ ಕೊಡ್ರಪ್ಪ."